ಮಲಪ್ರಭೆ ನೀರಿನಾಗ ಸಮುದ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ರೀಫ್ ಟ್ಯಾಂಕ್ ಅಂದರೆ ಉಪ್ಪುನೀರು, ಸಮುದ್ರದ ಮೀನು, ಜೀವಂತ ಹವಳ ಮೂರೂ ಕೂಡಿ ಬಾಳುವ ಗಾಜಿನ ತೊಟ್ಟಿ. ಈ ಬಗ್ಗೆ ಬಂದ ಪತ್ರಗಳಲ್ಲಿ ಮೀನಿನ ಕಾಯಿಲೆ, ಹವಳದ ಬಣ್ಣದ ವಿಚಾರವೇ ಹೆಚ್ಚು. ಉತ್ತರ ಮಾತ್ರ ತಿರುಗಿ ತಿರುಗಿ ನೀರಿಗೇ ಬಂದು ನಿಲ್ಲುತ್ತದೆ. ಹಾಗಾಗಿ ನೀರಿನ ಪ್ರಶ್ನೆಗೇ ಮೊದಲ ಜಾಗ.

ಪ್ರಶ್ನೆ: ಮೂರು ಅಡಿಯ ರೀಫ್ ಟ್ಯಾಂಕ್ ಇಡಬೇಕೆಂದಿದ್ದೇನೆ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಮಾಳಿಗೆ ಮೇಲಿನ ಸಿಂಟೆಕ್ಸ್ ತುಂಬಿಸಿಕೊಳ್ಳುತ್ತೇವೆ. ಅಡುಗೆಮನೆಯ ಆರ್‌ಓ ನೀರಿಗೆ ಉಪ್ಪು ಬೆರೆಸಿದರೆ ಸಾಕೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹಾಗೇ ಬೆರೆಸಿದರೆ ಸಾಲದು, ಆ ಯಂತ್ರಕ್ಕೆ ಒಂದು ಸಣ್ಣ ತಿದ್ದುಪಡಿ ಬೇಕು. ಮನೆಯ ಆರ್‌ಓ ಕುಡಿಯುವ ನೀರಿಗಾಗಿ ಮಾಡಿದ್ದು. ನೀರು ತೀರಾ ಸಪ್ಪೆ ಆಗಬಾರದೆಂದು ಕೊನೆಗೆ ಮಿನರಲ್ ಕಾರ್ಟ್ರಿಜ್ ಕೂರಿಸಿರುತ್ತಾರೆ. ಕೆಲವದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಎಂಬ ಪುಟ್ಟ ತಿರುಪು ಇದ್ದು, ಅದು ಶೋಧಿಸದ ನೀರನ್ನೇ ಅಷ್ಟಿಷ್ಟು ವಾಪಸ್ ಬೆರೆಸುತ್ತದೆ. ಹೀಗೆ ಬಂದು ಸೇರುವ ಸಿಲಿಕೇಟ್, ನೈಟ್ರೇಟ್ ಟ್ಯಾಂಕಿನ ಪಾಚಿಗೆ ಊಟ. ಮೆಂಬ್ರೇನಿನಿಂದ ನೀರು ಹೊರಬೀಳುವ ಪೈಪಿಗೆ, ಆ ಕಂಟ್ರೋಲರ್ ಮತ್ತು ಕಾರ್ಟ್ರಿಜ್‌ಗಿಂತ ಮೊದಲೇ, ಒಂದು ಟಿ ಮತ್ತು ಸಣ್ಣ ವಾಲ್ವ್ ಹಾಕಿಸಿ. ಅಲ್ಲಿಂದ ತೆಗೆದ ನೀರನ್ನು ಡಿಐ ರೆಸಿನ್ (ಉಳಿದ ಲವಣವನ್ನೂ ಹೀರಿಕೊಳ್ಳುವ ಸಣ್ಣ ಮಣಿಗಳು) ತುಂಬಿದ ಕೊಳವೆಯ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. ಅದು 2–3 ತೋರಿಸಲು ಶುರುವಾದರೆ ರೆಸಿನ್ ಮುಗಿಯುತ್ತ ಬಂದಿದೆ ಎಂದರ್ಥ. ದಣಿದ ರೆಸಿನ್ ಮೊದಲು ಕೈಬಿಡುವುದು ಸಿಲಿಕೇಟನ್ನೇ, ಆದ್ದರಿಂದ "ಬರೀ ಮೂರಲ್ಲವೇ" ಎನ್ನಬೇಡಿ.

ಹುಬ್ಬಳ್ಳಿ-ಧಾರವಾಡಕ್ಕೆ ಬರುವ ಮಲಪ್ರಭೆ ನೀರಿಗೆ ರೆಸಿನ್ ಬಹಳ ದಿನ ಬಾಳುತ್ತದೆ. ಗದಗ ಸೀಮೆಯ ಬೋರ್‌ವೆಲ್ ನೀರಿನ ಕಥೆ ಬೇರೆ. 1000 ಟಿಡಿಎಸ್ ನೀರಿಂದ ಒಳ್ಳೆಯ ಮೆಂಬ್ರೇನ್ ಕೂಡ 50ರ ಸುಮಾರು ಹೊರಗೆ ಬಿಡುತ್ತದೆ, ರೆಸಿನ್ ಬೇಗ ಮುಗಿಯುತ್ತದೆ. ಅಂಥಲ್ಲಿ ಮಳೆಗಾಲದ ತುಂಗಭದ್ರಾ ನಳದ ನೀರು ಹಿಡಿದಿಟ್ಟು ಅದನ್ನೇ ಶೋಧಿಸುವುದು ಅಗ್ಗ.

ಇನ್ನು ಎಷ್ಟು ನೀರು ಬೇಕು ಎಂಬ ಲೆಕ್ಕ. 3 × 1.5 × 1.5 ಅಡಿ ಟ್ಯಾಂಕ್ ಕಾಗದದ ಮೇಲೆ 190 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 150 ಉಳಿಯುತ್ತದೆ. ವಾರಕ್ಕೆ ಶೇ. 10 ಬದಲಿಸಲು 15 ಲೀಟರ್, ಆವಿಯಾಗಿ ಹೋದದ್ದನ್ನು ತುಂಬಲು ದಿನಕ್ಕೆ 2ರಿಂದ 4 ಲೀಟರ್. ವಾರಕ್ಕೆ 30–45 ಲೀಟರ್ ಆಯಿತು. ಮುಚ್ಚಳವಿರುವ 100 ಲೀಟರಿನ ಫುಡ್‌ಗ್ರೇಡ್ ಡ್ರಮ್ ಒಂದಿದ್ದರೆ ನಳ ಎರಡು ವಾರ ಬರದಿದ್ದರೂ ಟ್ಯಾಂಕಿಗೆ ತೊಂದರೆಯಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದಲ್ಲ, ಅದನ್ನು ಬಕೆಟ್ಟಿಗೆ ಬಿಟ್ಟು ನೆಲ ಒರೆಸಲು, ಗಾಡಿ ತೊಳೆಯಲು ಇಟ್ಟುಕೊಳ್ಳಿ.

ಉಪ್ಪು ಎಂದರೆ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು, ಅಡುಗೆ ಉಪ್ಪಲ್ಲ. 100 ಲೀಟರಿಗೆ 3.6ರಿಂದ 3.8 ಕೆಜಿ ಹಿಡಿಯುತ್ತದೆ. ಮೊದಲು ನೀರು, ಅದರಲ್ಲಿ ಪಂಪ್ ತಿರುಗುತ್ತಿರಬೇಕು, ಆಮೇಲೆ ಉಪ್ಪನ್ನು ಹಿಡಿ ಹಿಡಿಯಾಗಿ ಉದುರಿಸಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಅಲ್ಲೇ ಕೂಡಿ ಸುಣ್ಣವಾಗಿ ತಳಕ್ಕೆ ಕೂರುತ್ತವೆ, ನೀರು ಹಾಲಿನಂತಾಗುತ್ತದೆ. ಅದು ಮತ್ತೆ ಕರಗದು. 25 ಡಿಗ್ರಿಯಲ್ಲಿ ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಭಾಗ ಲವಣ, ಬಂದರೆ ಸರಿ.

ಭಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 10 ಮಿಮೀ ಗಾಜೇ 40 ಕೆಜಿ. ನೀರು, ಕಲ್ಲು, ಮರಳು ಸೇರಿ ಎರಡೂವರೆ ಕ್ವಿಂಟಲ್. ಸ್ಟ್ಯಾಂಡನ್ನು ಕೋಣೆಯ ನಡುವೆ ಇಡದೆ ಗೋಡೆ ಪಕ್ಕಕ್ಕೆ ಇಡಿ. ಬರೀ ಕಬ್ಬಿಣದ ಸ್ಟ್ಯಾಂಡ್ ಉಪ್ಪಿಗೆ ವರ್ಷದೊಳಗೆ ತುಕ್ಕು ಹಿಡಿಯುತ್ತದೆ, ಎಪಾಕ್ಸಿ ಬಳಿಸಿ. ಉಪ್ಪು ಹಾಕುವ ಮೊದಲು ಸಾದಾ ನೀರು ತುಂಬಿ ಒಂದು ದಿನ ಸೋರಿಕೆ ನೋಡಿ.

ಪ್ರಶ್ನೆ: ನಮ್ಮ ಗಾಡಿ ವಾರಕ್ಕೊಮ್ಮೆ ಕಾರವಾರಕ್ಕೆ ಹೋಗುತ್ತದೆ. ಕ್ಯಾನಿನಲ್ಲಿ ಸಮುದ್ರದ ನೀರು, ಜೊತೆಗೆ ಒಂದಿಷ್ಟು ಮರಳು, ಹವಳದ ಕಲ್ಲು ತರಿಸಿದರೆ ಖರ್ಚು ಉಳಿಯುವುದಿಲ್ಲವೇ?
— ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಕಲ್ಲಿನ ಮಾತು. ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಯ ಸಾಲಿನಲ್ಲೇ. ನೇತ್ರಾಣಿ ದ್ವೀಪದ್ದಾಗಲಿ ಇನ್ನೆಲ್ಲಿಯದಾಗಲಿ, ಸತ್ತು ದಂಡೆಗೆ ಬಿದ್ದ ಹವಳದ ತುಂಡು ತಂದರೂ ಅಪರಾಧವೇ. ಅಂಗಡಿಯಲ್ಲಿ ಗಟ್ಟಿ ಹವಳ ಕೊಳ್ಳುವಾಗಲೂ ಆಮದಿನ ಕಾಗದಪತ್ರ ಇಲ್ಲದಿದ್ದರೆ ಬೇಡ. ಹೊಸಬರಿಗೆ ಝೋವಾಂಥಿಡ್, ಮಶ್ರೂಮ್, ಲೆದರ್‌ನಂಥ ಮೆತ್ತನೆ ಹವಳಗಳೇ ಒಳ್ಳೆಯವು. ಅವನ್ನೂ ಬಿಲ್ ತೆಗೆದುಕೊಂಡೇ ಕೊಳ್ಳಿ.

ನೀರಿನ ವಿಷಯ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ದಂಡೆಯ ನೀರಿಗೆ ಸಿಹಿನೀರು ಬೆರೆತಿರುತ್ತದೆ, ಮಳೆಗಾಲದಲ್ಲಂತೂ ಕೆಂಪು ಮಣ್ಣು ಸಹಿತ. ಮುಚ್ಚಿದ ಕ್ಯಾನಿನಲ್ಲಿ ಸೂಕ್ಷ್ಮಜೀವಿಗಳು ಉಸಿರುಗಟ್ಟಿ ಸಾಯುತ್ತವೆ. ಅರೆಬೈಲು ಘಟ್ಟ ಹತ್ತಿ ಯಲ್ಲಾಪುರ ದಾಟಿ ಊರು ಮುಟ್ಟುವಷ್ಟರಲ್ಲಿ ನೀರು ಕೊಳೆಯಲು ಶುರುವಾಗಿರುತ್ತದೆ. ದೋಣಿಗಳ ಡೀಸೆಲ್ ಬೇರೆ. ವಾರ ವಾರವೂ ಒಂದೇ ಗುಣದ ನೀರು ಸಿಗದೆ ಇರುವುದೇ ಇಲ್ಲಿ ದೊಡ್ಡ ತೊಡಕು.

ಮರಳಿಗೆ ಒಂದು ಸುಲಭ ಪರೀಕ್ಷೆಯಿದೆ: ಚಮಚದಷ್ಟು ಮರಳಿನ ಮೇಲೆ ವಿನಿಗರ್ ಹಾಕಿ. ಚುಂಯ್ ಎಂದು ನೊರೆ ಬಂದರೆ ಅದು ಟ್ಯಾಂಕಿಗೆ ಬೇಕಾದ ಸುಣ್ಣದ ಮರಳು. ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರಷ್ಟೇ ನೊರೆಯುತ್ತವೆ, ಉಳಿದದ್ದು ಸುಮ್ಮನೆ ಕೂರುತ್ತದೆ, ಏಕೆಂದರೆ ಅದು ಸಿಲಿಕಾ. ಅಂಗಡಿಯಲ್ಲಿ ಸಿಗುವ ಅರಗೊನೈಟ್ ಎಂಬ ಸುಣ್ಣದ ಮರಳು 18–20 ಕೆಜಿ ತಂದರೆ ಮೂರಡಿ ಟ್ಯಾಂಕಿಗೆ ಒಂದು ಅಂಗುಲದ ಹಾಸು ಆಗುತ್ತದೆ.

ಹವಳದ ಕಲ್ಲಿಗೆ ಬದಲು ಹವಳವಲ್ಲದ ಒಣ ರೀಫ್ ರಾಕ್, 15 ಕೆಜಿ ಸಾಕು. ಅದರಲ್ಲಿ ಜೀವ ಇಲ್ಲ, ನಾವೇ ಬ್ಯಾಕ್ಟೀರಿಯಾ ಬೆಳೆಸಬೇಕು. ಬಾಟಲಿ ಬ್ಯಾಕ್ಟೀರಿಯಾ ಹಾಕಿ, 150 ಲೀಟರಿಗೆ 1 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ಆಗುತ್ತದೆ. ಕಲಾಯಿಯವರ ನವಸಾಗರ ಇದೇ ವಸ್ತು. ಆದರೆ ಬಜಾರಿನದರಲ್ಲಿ ಏನೇನು ಬೆರೆತಿದೆಯೋ, ಲ್ಯಾಬ್ ದರ್ಜೆಯದ್ದನ್ನೇ ತನ್ನಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿದು ನೈಟ್ರೇಟ್ ಕಾಣುತ್ತದೆ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾಗಿ ನೈಟ್ರೈಟೂ ಸೊನ್ನೆಯಿದ್ದರೆ ಮೊದಲ ಮೀನು ಬಿಡಬಹುದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಲೈಟ್ ಹಚ್ಚಬೇಡಿ.

ಪ್ರಶ್ನೆ: ನೀರು ಕಡಿಮೆಯಾದಾಗಲೆಲ್ಲ ಉಪ್ಪು ಕಲಸಿದ ನೀರನ್ನೇ ತುಂಬುತ್ತಿದ್ದೆ. ಈಗ ಹವಳ ಬಾಯಿ ತೆರೆಯುತ್ತಿಲ್ಲ, ರಿಫ್ರ್ಯಾಕ್ಟೋಮೀಟರ್ (ಉಪ್ಪಿನ ಅಂಶ ಅಳೆಯುವ ಮೀಟರ್) 1.031 ತೋರಿಸುತ್ತಿದೆ. ಒಮ್ಮೆಲೇ ಅರ್ಧ ನೀರು ಬದಲಿಸಲೇ?
— ಬೆಟಗೇರಿ, ಗದಗ

ಉತ್ತರ: ಬೇಡ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಸುರಿದದ್ದರಿಂದ ಹೀಗಾಗಿದೆ. ತುಂಬುವ ನೀರು ಯಾವಾಗಲೂ ಉಪ್ಪಿಲ್ಲದ ಆರ್‌ಓ-ಡಿಐ ನೀರೇ ಆಗಿರಬೇಕು.

ಸರಿಮಾಡುವ ಮೊದಲು ಮೀಟರನ್ನು ನಂಬಬಹುದೇ ನೋಡಿ. ಸಾದಾ ನೀರಿಗೆ ಸೊನ್ನೆ ತೋರಿಸಿದ ಮಾತ್ರಕ್ಕೆ 35ರಲ್ಲೂ ಸರಿ ತೋರಿಸಬೇಕೆಂದಿಲ್ಲ. ಒಂದು ಕೈತಕ್ಕಡಿ ಇದ್ದರೆ ಮನೆಯಲ್ಲೇ ದ್ರಾವಣ ಮಾಡಿಕೊಳ್ಳಬಹುದು: 36.5 ಗ್ರಾಂ ಒಣ ಅಡುಗೆ ಉಪ್ಪು, 963.5 ಗ್ರಾಂ ಆರ್‌ಓ-ಡಿಐ ನೀರು. ಇದು ಗಾಜಿನಲ್ಲಿ 35ರ ಸಮುದ್ರ ನೀರಿನಷ್ಟೇ ಬೆಳಕು ಬಾಗಿಸುತ್ತದೆ. ಎರಡು ಹನಿ ಹಾಕಿ, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು ನೋಡಿ. ನೀಲಿ-ಬಿಳಿ ಗೆರೆ 35ಕ್ಕೆ ಬರುವವರೆಗೆ ಪುಟ್ಟ ಸ್ಕ್ರೂ ತಿರುಗಿಸಿ. ಈ ದ್ರಾವಣ ಮೀಟರಿಗೆ ಮಾತ್ರ, ಟ್ಯಾಂಕಿಗಲ್ಲ.

ಆಮೇಲೂ 1.031 ಇದ್ದರೆ ಲವಣ ಸುಮಾರು 41. ಅದನ್ನು 35ಕ್ಕೆ ತರಲು ಒಟ್ಟು ನೀರಿನ ಶೇ. 15ರಷ್ಟನ್ನು ಸಾದಾ ನೀರಿಗೆ ಬದಲಿಸಬೇಕು. 150 ಲೀಟರಿಗೆ 22–23 ಲೀಟರ್. ದಿನಕ್ಕೆ 4 ಲೀಟರ್ ತೆಗೆದು 4 ಲೀಟರನ್ನು ಟ್ಯಾಂಕಿನ ಕೆಳಗಿಡುವ ಪುಟ್ಟ ತೊಟ್ಟಿಯಾದ ಸಂಪ್‌ಗೆ ನಿಧಾನ ಬಿಟ್ಟರೆ ಆರು ದಿನದ ಕೆಲಸ. ಮೀನು ಈ ಇಳಿಕೆಯನ್ನು ಬೇಗ ತಾಳಿಕೊಳ್ಳುತ್ತದೆ, ಹವಳ ಮತ್ತು ಸಿಗಡಿಗೆ ನಿಧಾನವೇ ಬೇಕು.

ಮುಂದೆ ಇದು ಮರುಕಳಿಸದಂತೆ ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್ ಹಾಕಿಸಿ. ಆದರೆ ಕೂಲರಿಗೆ ಹಾಕುವ ಹಿತ್ತಾಳೆಯ ಫ್ಲೋಟ್ ವಾಲ್ವ್ ಬೇಡ. ಹಿತ್ತಾಳೆಯಲ್ಲಿ ತಾಮ್ರವಿದೆ, ತಾಮ್ರ ಸಿಗಡಿ, ಬಸವನಹುಳು, ಹವಳ ಮೂರಕ್ಕೂ ವಿಷ. ಪ್ಲಾಸ್ಟಿಕ್ಕಿನದೇ ಇರಲಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮಧ್ಯಾಹ್ನ ಟ್ಯಾಂಕ್ 31.5 ಡಿಗ್ರಿ ಮುಟ್ಟುತ್ತದೆ. ಚಿಲ್ಲರ್ ಕೊಳ್ಳುವಷ್ಟು ಶಕ್ತಿ ಇಲ್ಲ. ಐಸ್ ಬಾಟಲಿ ಬಿಡುತ್ತಿದ್ದೇನೆ, ಉಪಯೋಗ ಕಾಣುತ್ತಿಲ್ಲ.
— ರಾಣೇಬೆನ್ನೂರು

ಉತ್ತರ: ಕಾಣುವುದೂ ಇಲ್ಲ. ಒಂದು ಲೀಟರ್ ಬರ್ಫ ಪೂರ್ತಿ ಕರಗಿದರೂ 150 ಲೀಟರ್ ನೀರು ಮುಕ್ಕಾಲು ಡಿಗ್ರಿ ಇಳಿದರೆ ಹೆಚ್ಚು; ಆಮೇಲೆ ಮತ್ತೆ ಏರುತ್ತದೆ. ಈ ಏರಿಳಿತವೇ ಹವಳಕ್ಕೆ ಬಾಧೆ.

ನಮ್ಮ ಸೀಮೆಯ ಬೇಸಿಗೆಗೆ ಒಂದು ಒಳ್ಳೆಯ ಗುಣವಿದೆ: ಗಾಳಿ ಒಣ. ಆದ್ದರಿಂದ ಫ್ಯಾನ್ ಇಲ್ಲಿ ಕರಾವಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಲೀಟರ್ ಆವಿಯಾದರೆ 80 ವ್ಯಾಟ್ ಶಾಖ ಹಗಲು ರಾತ್ರಿ ಹೊರಹೋದಂತೆ. ಕಂಪ್ಯೂಟರಿನ 4 ಇಂಚಿನ ಫ್ಯಾನ್ ಎರಡು ತಂದು, ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿ, 26.5ಕ್ಕೆ ಚಾಲೂ ಆಗುವ ಥರ್ಮೋಸ್ಟ್ಯಾಟ್‌ಗೆ ಸೇರಿಸಿ. 2ರಿಂದ 4 ಡಿಗ್ರಿ ಇಳಿಯುತ್ತದೆ. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿ, ಮೀನು ಹಾರುತ್ತವೆ. ಆವಿ ಹೆಚ್ಚಾದಷ್ಟೂ ಮೇಲಿನ ಉತ್ತರದ ಸಾದಾ ನೀರಿನ ಖರ್ಚು ಹೆಚ್ಚು, ಅದಕ್ಕೆ ತಯಾರಿರಿ.

ಲೈಟನ್ನು ಮಧ್ಯಾಹ್ನ ಬಿಟ್ಟು ಸಂಜೆ 4ರಿಂದ ರಾತ್ರಿ 12ಕ್ಕೆ ಇಟ್ಟುಕೊಳ್ಳಿ. ಬಿಸಿಯಾದಷ್ಟೂ ನೀರು ಹಿಡಿಯುವ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಮೀನಿಗೆ ಬೇಕಾಗುವುದು ಹೆಚ್ಚು. ಆದ್ದರಿಂದ ಆ ದಿನಗಳಲ್ಲಿ ಸ್ಕಿಮ್ಮರ್ (ನೀರಿಗೆ ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ) ನಿಲ್ಲಿಸಬಾರದು, ಊಟ ಕಡಿಮೆ ಮಾಡಿ. ಹೊಸ ಮೀನನ್ನು ಜೂನ್‌ಗೆ ತಂದರಾಯಿತು.

ಚಳಿಗಾಲಕ್ಕೆ ಒಂದು ಮಾತು: 150 ವ್ಯಾಟಿನ ಒಂದು ಹೀಟರ್ ಬದಲು 75ರ ಎರಡು ಹಾಕಿ. ಹೀಟರ್ ಕೆಟ್ಟಾಗ ಉರಿಯುತ್ತಲೇ ನಿಂತುಬಿಡುವುದುಂಟು. 75 ಆದರೆ ಟ್ಯಾಂಕ್ ಬೇಯುವ ಮೊದಲು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಹೋದರೆ ಮೂರು ನಾಲ್ಕು ತಾಸು. ಇನ್ವರ್ಟರಿಗೆ ಏನೇನು ಕೊಡಲಿ? ಒಮ್ಮೆ ಕರೆಂಟ್ ಹೋದಾಗ ನೆಲದ ತುಂಬ ನೀರಾಯಿತು.
— ಸವಣೂರು

ಉತ್ತರ: ನೀರು ಚೆಲ್ಲಿದ್ದು ಹೀಗೆ: ಪಂಪ್ ನಿಂತ ಕೂಡಲೇ, ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ರಿಟರ್ನ್ ಪೈಪು ಉಲ್ಟಾ ಸೈಫನ್ ಆಗಿ ಟ್ಯಾಂಕಿನ ನೀರನ್ನು ಸಂಪ್‌ಗೆ ಎಳೆಯಿತು. ಪೈಪಿನ ಬಾಯಿ ನೀರಿನ ಮೇಲ್ಮೈಯಿಂದ ಒಂದು ಅಂಗುಲಕ್ಕಿಂತ ಕೆಳಗಿರಬಾರದು, ಮೇಲ್ಮೈಗೆ ಸ್ವಲ್ಪ ಕೆಳಗೆ ಪೈಪಿಗೆ 3 ಮಿಮೀ ತೂತು ಕೊರೆಯಿರಿ. ಆ ತೂತು ಸುಣ್ಣಕಟ್ಟಿ ಮುಚ್ಚುತ್ತದೆ, ತಿಂಗಳಿಗೊಮ್ಮೆ ಚುಚ್ಚಿ ತೆರೆಯಬೇಕು. ಎಲ್ಲ ಪಂಪ್ ಆಫ್ ಮಾಡಿ ಸಂಪ್ ಎಲ್ಲಿಗೆ ತುಂಬುತ್ತದೆ ನೋಡಿ, ಅದಕ್ಕೆ ತಕ್ಕಂತೆ ಸಂಪ್‌ನ ನಿತ್ಯದ ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಿ.

ಇನ್ವರ್ಟರಿಗೆ ಮೊದಲು ಟ್ಯಾಂಕಿನೊಳಗೆ ನೀರು ಆಡಿಸುವ ವೇವ್‌ಮೇಕರ್, ಆಮೇಲೆ ರಿಟರ್ನ್ ಪಂಪ್. ಹೀಟರ್, ಚಿಲ್ಲರ್ ಬೇಡ. ಲೈಟ್ ಇಲ್ಲದಿದ್ದರೂ ಹವಳ ಒಂದೆರಡು ದಿನ ಇರುತ್ತದೆ. 150 ಎಎಚ್ ಬ್ಯಾಟರಿಯ ಅರ್ಧವನ್ನೇ ಬಳಸಿದರೂ 30 ವ್ಯಾಟಿನ ಪಂಪ್‌ಗಳು ಒಂದು ಹಗಲು ರಾತ್ರಿಯ ಹತ್ತಿರ ನಡೆಯುತ್ತವೆ, ಆದರೆ ಮನೆಯ ಫ್ಯಾನ್, ಟಿವಿ ಅದೇ ಬ್ಯಾಟರಿ ತಿನ್ನದಿದ್ದರೆ ಮಾತ್ರ. ಇನ್ವರ್ಟರ್ ಇಲ್ಲದವರು 12 ವೋಲ್ಟ್, 7 ಎಎಚ್ ಬ್ಯಾಟರಿಗೆ 5 ವ್ಯಾಟಿನ ಡಿಸಿ ಏರ್ ಪಂಪ್ ಕಟ್ಟಿದರೆ ಎಂಟು ತಾಸು. ಟ್ಯಾಂಕಿನ ಬೋರ್ಡಿಗೆ, ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿನ ಆರ್‌ಸಿಸಿಬಿ ಕಡ್ಡಾಯ. ಉಪ್ಪುನೀರು, ಕರೆಂಟ್, ಒದ್ದೆ ಕೈ ಮೂರೂ ಒಂದೇ ಕಡೆ ಇರುತ್ತವೆ.

ಪ್ರಶ್ನೆ: ಟ್ಯಾಂಕಿಗೆ ಆರು ತಿಂಗಳು. ಮರಳಿನ ಮೇಲೆ ಕಂದು ಲೋಳೆ. ಫಾಸ್ಫೇಟ್ ರಿಮೂವರ್ ಹಾಕಿ, ಊಟ ಕಡಿಮೆ ಮಾಡಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಮಾಡಿದೆ. ಲೋಳೆ ಇನ್ನೂ ಹೆಚ್ಚಾಯಿತು!
— ಕಲ್ಯಾಣನಗರ, ಧಾರವಾಡ

ಉತ್ತರ: ಸೊನ್ನೆ ಮಾಡಿದ್ದೇ ಮುಳುವಾಗಿರಬಹುದು. ಕಂದು ಎಂಬುದರಲ್ಲಿ ಮೂರು ಬಗೆ. ಹಿಟ್ಟು ಉದುರಿಸಿದಂತಿದ್ದು ಬೆರಳಿಗೆ ಒರೆಸಿ ಹೋಗುವುದು ಡಯಾಟಮ್. ಹೊಸ ಟ್ಯಾಂಕಿನದು, ಸಿಲಿಕೇಟ್ ಮುಗಿದ ಮೇಲೆ ತಾನೇ ಹೋಗುತ್ತದೆ. ಕಡುಗೆಂಪಾಗಿ, ಕಾಯಿಸಿದ ಹಾಲಿನ ಕೆನೆಯಂತೆ ಹಾಳೆಯಾಗಿ ಎದ್ದು ಬರುವುದು ಸಯನೊಬ್ಯಾಕ್ಟೀರಿಯಾ. ಸಿಂಬಳದಂತೆ ಎಳೆಎಳೆಯಾಗಿ, ತುದಿಯಲ್ಲಿ ಗಾಳಿಗುಳ್ಳೆ ಹಿಡಿದು, ಸಂಜೆಗೆ ದಟ್ಟವಾಗಿ, ಬೆಳಗ್ಗೆ ತೆಳುವಾಗಿ ಕಾಣುವುದು ಡೈನೋಫ್ಲಾಜೆಲೇಟ್.

ಖಾತ್ರಿಗೆ: ಲೋಳೆಯನ್ನು ಟ್ಯಾಂಕ್ ನೀರಿನ ಸಮೇತ ಬಾಟಲಿಗೆ ಹೀರಿ ಜೋರಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ. ಸೋಸಿದ ತಿಳಿ ನೀರನ್ನು ಲೈಟಿನ ಕೆಳಗೆ ಒಂದು ತಾಸು ಇಡಿ. ಬಿಡಿಬಿಡಿಯಾಗಿದ್ದದ್ದು ಮತ್ತೆ ಕೂಡಿಕೊಂಡು ಕಂದು ದಾರ ಕಟ್ಟಿದರೆ ಡೈನೋ. ಆ ನೀರು ಮುಟ್ಟಿದ ಕೈ ತೊಳೆಯಿರಿ, ಕೆಲವು ಜಾತಿ ವಿಷಕಾರಿ. ಟ್ಯಾಂಕಿನ ಬಸವನಹುಳು ಸಾಯುತ್ತಿದ್ದರೆ ಅದೂ ಒಂದು ಸುಳಿವು.

ಡೈನೋ ಆದರೆ ದಾರಿ ಉಲ್ಟಾ. ಫಾಸ್ಫೇಟ್ ರಿಮೂವರ್ ತೆಗೆಯಿರಿ, ನೀರು ಬದಲಿಸುವುದನ್ನು ಎರಡು ಮೂರು ವಾರ ನಿಲ್ಲಿಸಿ, ಊಟ ಹೆಚ್ಚಿಸಿ. ನೈಟ್ರೇಟ್ 5–10, ಫಾಸ್ಫೇಟ್ 0.05–0.1 ಪಿಪಿಎಂ ಇರುವಂತೆ ನೋಡಿ. ಊಟದಿಂದ ಏರದಿದ್ದರೆ ಲ್ಯಾಬ್ ದರ್ಜೆಯ ಪೊಟ್ಯಾಸಿಯಂ ನೈಟ್ರೇಟ್: 150 ಲೀಟರಿಗೆ ಕಾಲು ಗ್ರಾಂ ಹಾಕಿದರೆ ನೈಟ್ರೇಟ್ 1 ಪಿಪಿಎಂ ಏರುತ್ತದೆ. ಬೇರೆ ಪಾಚಿ, ಬ್ಯಾಕ್ಟೀರಿಯಾ ಬೆಳೆದು ಜಾಗ ಹಿಡಿದಾಗ ಡೈನೋ ಹಿಂದೆ ಸರಿಯುತ್ತದೆ. ರಾತ್ರಿ ನೀರಿಗೆ ತೇಲುವ ಜಾತಿಯಾದರೆ ಯುವಿ ದೀಪವೂ ನೆರವಾಗುತ್ತದೆ. ಒಂದು ವಾರದಲ್ಲಿ ಫಲ ಕಾಣದು, ತಿಂಗಳು ಹಿಡಿಯಿರಿ.

ಪ್ರಶ್ನೆ: ಕೆಎಚ್ (ನೀರಿನ ಕಾರ್ಬೊನೇಟ್ ಅಳತೆ) 6.5ಕ್ಕೆ ಇಳಿದಿದೆ. ಬಾಟಲಿ ಬಫರ್ ದುಬಾರಿ. ಅಡುಗೆ ಸೋಡಾ ನಡೆಯುತ್ತದೆಯೇ?
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನಡೆಯುತ್ತದೆ. ಬಾಟಲಿಯೊಳಗೂ ಬಹುಮಟ್ಟಿಗೆ ಅದೇ ಇರುತ್ತದೆ. ಆದರೆ ಬೇಕಿಂಗ್ ಪೌಡರ್ ಅಲ್ಲ; ಅದರಲ್ಲಿ ಆಮ್ಲ, ಪಿಷ್ಟ ಬೆರೆತಿರುತ್ತದೆ. 100 ಲೀಟರಿಗೆ 3 ಗ್ರಾಂ ಸೋಡಾ ಕೆಎಚ್ಚನ್ನು 1 ಅಂಶ ಏರಿಸುತ್ತದೆ. ನಿಮ್ಮದು 150 ಲೀಟರಾದರೆ 4.5 ಗ್ರಾಂ. ದಿನಕ್ಕೆ ಒಂದಕ್ಕಿಂತ ಹೆಚ್ಚು ಏರಿಸಬೇಡಿ. ಲೋಟ ಆರ್‌ಓ ನೀರಿನಲ್ಲಿ ಕರಗಿಸಿ, ಪಂಪ್ ಹರಿಯುವಲ್ಲಿ ನಿಧಾನ ಸುರಿಯಿರಿ. 8.5ಕ್ಕೆ ಬಂದ ಮೇಲೆ ಮೂರು ದಿನ ಏನೂ ಹಾಕದೆ ಒಂದೇ ಹೊತ್ತಿಗೆ ಅಳೆಯಿರಿ. 7.6 ಆಯಿತೆನ್ನಿ, ದಿನದ ಖರ್ಚು 0.3, ಅಂದರೆ 1.35 ಗ್ರಾಂ ಸೋಡಾ. ಹವಳ ಅಷ್ಟು ಕೆಎಚ್ ತಿನ್ನುವಾಗ 2 ಪಿಪಿಎಂ ಕ್ಯಾಲ್ಸಿಯಂ ಕೂಡ ತಿನ್ನುತ್ತದೆ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸುಮಾರು 1.2 ಗ್ರಾಂ. ಎರಡನ್ನೂ ಒಂದೇ ಲೋಟದಲ್ಲಿ ಕಲಸಿದರೆ ಸಿಗುವುದು ಸುಣ್ಣ. ಒಂದನ್ನು ಬೆಳಗ್ಗೆ, ಒಂದನ್ನು ಸಂಜೆ ಹಾಕಿ.

ಎಷ್ಟು ಹಾಕಿದರೂ ನಿಲ್ಲದಿದ್ದರೆ ಮ್ಯಾಗ್ನೀಸಿಯಂ ಅಳೆಯಿರಿ. ಅದು 1200ಕ್ಕಿಂತ ಕೆಳಗಿದ್ದರೆ ಹಾಕಿದ್ದೆಲ್ಲ ಹೀಟರ್, ಪಂಪಿನ ಮೇಲೆ ಸುಣ್ಣವಾಗಿ ಕೂರುತ್ತದೆ, 1300–1350ಕ್ಕೆ ತನ್ನಿ. ಬರೀ ಮೆತ್ತನೆ ಹವಳವಿದ್ದರೆ ಈ ಲೆಕ್ಕವೆಲ್ಲ ಬೇಕಿಲ್ಲ, ವಾರದ ನೀರು ಬದಲಾವಣೆಯೇ ಸಾಕು.

ಚುಟುಕು ಉತ್ತರಗಳು

ನೀಮೋ ಮೀನಿನ ಮೈಮೇಲೆ ಬಿಳಿ ಚುಕ್ಕೆ, ಅಂಗಡಿಯವರು "ಈ ನೀಲಿ ಔಷಧ ಟ್ಯಾಂಕಿಗೇ ಹಾಕ್ರಿ, ಏನೂ ಆಗೂದಿಲ್ಲ" ಎನ್ನುತ್ತಾರೆ, ನಿಜವಾಗಿಯೂ ಏನೂ ಆಗುವುದಿಲ್ಲವೇ (ಮುಂಡರಗಿ)? ಆಗುತ್ತದೆ. ತಾಮ್ರದ ಔಷಧವಾದರೆ ಹವಳ, ಸಿಗಡಿ ಹೋಗುತ್ತವೆ. ಮೀನನ್ನೆಲ್ಲ ಕಲ್ಲು-ಮರಳಿಲ್ಲದ ಬೇರೆ ಟ್ಯಾಂಕಿಗೆ ತೆಗೆದು ಅಲ್ಲಿ 30 ದಿನ ಔಷಧ ಕೊಡಿ. ಮುಖ್ಯ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಿ. ಆಸರೆಯ ಮೀನು ಸಿಗದೆ ಪರೋಪಜೀವಿ ಸಾಯುತ್ತದೆ.

ಹಳೆ ಕಲ್ಲನ್ನು ಕುದಿಸಿ ಸ್ವಚ್ಛ ಮಾಡಬಹುದೇ (ಹಾನಗಲ್ಲ)? ಎಂದಿಗೂ ಬೇಡ. ಕಲ್ಲಿಗೆ ಅಂಟಿದ ಪ್ಯಾಲಿಥೋವಾ ಎಂಬ ಝೋವಾಂಥಿಡ್‌ನಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿರಬಹುದು, ಅದು ಹಬೆಯೊಂದಿಗೆ ಎದ್ದು ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸೀತು. ಝೋವಾಂಥಿಡ್ ಕತ್ತರಿಸುವಾಗಲೂ ಕೈಗವಸು, ಕನ್ನಡಕ ಬೇಕು.

ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಮಶಿನ್ ಹಚ್ಚಬಹುದೇ (ನವನಗರ, ಹುಬ್ಬಳ್ಳಿ)? ಬೇಡ. ಅವುಗಳಲ್ಲಿರುವ ಪೈರಿಥ್ರಾಯ್ಡ್ ಕೀಟನಾಶಕ ಮೀನು, ಸಿಗಡಿಗೆ ಬಲು ವಿಷ, ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ದಿನವಿಡೀ ನೀರಿಗೆ ಎಳೆಯುತ್ತದೆ. ಪಕ್ಕದಲ್ಲಿ ದೇವರ ಕೋಣೆ ಇದ್ದು ಊದುಬತ್ತಿ, ಧೂಪ ತಪ್ಪದಿದ್ದರೆ ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಬಿಡಿ. ರಾತ್ರಿ ಪಿಎಚ್ ಇಳಿಯುವುದೂ ಇದರಿಂದ ಕಡಿಮೆಯಾಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ.